ನದಿ ಇಳಿದಿದೆ ಎಂದ ದಿನ

ಯುದ್ಧ ಮುಗಿದ ಮರುವರ್ಷ, ಸರ್ಬಿಯಾದ ಆ ಪುಟ್ಟ ನದಿಯೂರಿನ ರೇಡಿಯೋದಲ್ಲಿ ಮೊದಲ ಸಲ ಹೆಂಗಸಿನ ದನಿ ಕೇಳಿದಾಗ ದೋಣಿಗಟ್ಟೆಯಲ್ಲಿ ನಗೆಯೋ ನಗೆ. ಪೀಪಾಯಿ ಮಾಡುವವನ ಮಗಳು ವಿದೊಸಾವಾ ದಿನಾ ಮಧ್ಯಾಹ್ನ ಒಂದು ಗಂಟೆಗೆ ಡ್ಯಾನ್ಯೂಬ್ ನದಿಯ ನೀರಿನ ಮಟ್ಟ ಓದುತ್ತಿದ್ದಳು. ಯಾವ ಊರಲ್ಲಿ ಎಷ್ಟು ಸೆಂಟಿಮೀಟರ್, ನಿನ್ನೆಗಿಂತ ಏರಿದೆಯೋ ಇಳಿದಿದೆಯೋ, ಅಷ್ಟೇ.

"ಹೆಂಗಸಿನ ಮಾತು ಕೇಳ್ಕೊಂಡು ಹಡಗು ನಡೆಸ್ಬೇಕಾ? ಮನೇಲಿ ಕೇಳಿದ್ದು ಸಾಲ್ದಾ?" ಎಂದಿದ್ದ ಮುದಿ ಕಪ್ತಾನ ಟಾನಾಸಿಯೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಒಂದು ಗಂಟೆಗೆ ಊಟದ ನಡುವೆ ಯಾರಾದರೂ ಕೆಮ್ಮಿದರೆ ಚಮಚ ಎತ್ತಿ ಗದರುತ್ತಿದ್ದವನೂ ಅವನೇ.

ಫೋನಿನಲ್ಲಿ ಬಂದ ಅಂಕಿ ಅನುಮಾನ ಹುಟ್ಟಿಸಿದರೆ ಅವಳು ತಾನೇ ಕಟ್ಟೆಗೆ ಹೋಗಿ ಅಳತೆಗೋಲು ನೋಡಿ ಬರುತ್ತಿದ್ದಳು.

"ಒಂದು ಸೆಂಟಿಮೀಟರ್ ಆಚೀಚೆ ಆದ್ರೆ ಯಾರ್ ಸಾಯ್ತಾರಮ್ಮ?" ಎಂದು ರೇಡಿಯೋ ಕೇಂದ್ರದ ನಿರ್ದೇಶಕ ರೇಗಿದ.

"ಸತ್ತವನ ಹೆಂಡ್ತಿಗೆ ನೀವೇ ಹೋಗಿ ಹೇಳ್ತೀರಾ?" ಎಂದಳು.

ಅವಳು ರೇಡಿಯೋ ಸೇರಿದ ಹದಿನೆಂಟನೆಯ ವರ್ಷದ ವಸಂತದಲ್ಲಿ ಅವಳ ಗಂಡ ರಾಡಿವೋಯ್ ಸರಕುದೋಣಿಯಿಂದ ಬಿದ್ದು ಮುಳುಗಿದ. ಹೆಣ ಸಿಗಲಿಲ್ಲ. ನೀರು ಇಳಿದಾಗ ಮುಳುಗಿದವರು ದಂಡೆಯ ಮರಗಳ ಬೇರುಗಳಲ್ಲಿ ಸಿಗುತ್ತಾರೆ ಎಂಬುದು ಆ ದಂಡೆಯ ಮಕ್ಕಳಿಗೂ ಗೊತ್ತು. ಆದರೆ ಆ ವರ್ಷದ ಹಾಳು ನದಿ ಇಪ್ಪತ್ತಮೂರು ದಿನ ಏರುತ್ತಲೇ ಇತ್ತು. ಏರಿದೆ, ಏರಿದೆ ಎಂದು ದಿನವೂ ಓದಬೇಕಾದವಳು ಅವಳೇ. ಕೇಳುತ್ತ ಊರ ಹೆಂಗಸರು ಸಾರಿನ ತಟ್ಟೆಗಳ ಮುಂದೆ ಅತ್ತರು.

ಅತ್ತೆ ಪೆರ್ಸಿದಾ ಹಾಸಿಗೆ ಹಿಡಿದಿದ್ದಳು, ಅನ್ನನೀರು ಬಿಟ್ಟಿದ್ದಳು. "ಇಳೀತೇನೇ? ಅವನಿಗೆ ಮಣ್ಣು ಹಾಕ್ದೆ ನಾನು ಹೆಂಗೆ ಹೋಗ್ಲಿ?" ಇದೊಂದೇ ಮಾತು. ಇನ್ನೆರಡು ದಿನ ಎಂದು ವೈದ್ಯ ಕೈಚೆಲ್ಲಿದ.

ಮರುದಿನ ವಿದೊಸಾವಾಳ ಕೈಯಲ್ಲಿದ್ದ ಚೀಟಿಯಲ್ಲಿ ಏರಿಕೆ, ನಾಲ್ಕು ಎಂದಿತ್ತು. "ಇಳಿಕೆ, ಅರವತ್ತು" ಎಂದು ಅವಳು ಓದಿದಳು. ದನಿ ಸ್ವಲ್ಪವೂ ನಡುಗಲಿಲ್ಲ. ಸಂಜೆಯೊಳಗೆ ಅವಳ ಕೆಲಸ ಹೋಯಿತು. ಹೋಗಬೇಕಾದದ್ದೇ, ಯಾರನ್ನು ದೂರುವುದು?

ಸಾಯಬೇಕಿದ್ದ ಮುದುಕಿ ರೇಡಿಯೋ ಕೇಳಿ ಎದ್ದು ಕೂತಳು. ಟಾನಾಸಿಯೆಯನ್ನು ಕರೆಸಿ ಮರಗಳ ಬುಡ ಹುಡುಕಲು ಕಳಿಸಿದಳು. ಸೊಂಟದವರೆಗಿನ ನೀರಲ್ಲಿ ಅಲೆದು ಬಂದ ಅವನು ನೀರು ಇಳಿದೇ ಇಲ್ಲ ಎಂಬ ನಿಜ ಹೇಳಲಾರದೆ "ಇಲ್ಲಮ್ಮ, ಎಲ್ಲೂ ಇಲ್ಲ" ಎಂದಷ್ಟೇ ಹೇಳಿದ. ಪೆರ್ಸಿದಾಳ ಮುಖ ಅರಳಿತು.

"ನೀರು ಇಳಿದ್ರೂ ಸಿಗ್ಲಿಲ್ಲ ಅಂದ್ರೆ ನನ್ ಮಗ ಎಲ್ಲೋ ದಡ ಹತ್ತಿದಾನೆ. ಸಾರು ತಾರೇ, ಹಸಿವಾಗ್ತಿದೆ."

ಸೊಸೆಯ ಜಾಗಕ್ಕೆ ಬಂದ ಹೊಸಬನ ದನಿ ಕೇಳಿದರೆ "ಈ ಮುಟ್ಠಾಳನಿಗೇನ್ ಗೊತ್ತು" ಎಂದು ರೇಡಿಯೋ ಬಂದ್ ಮಾಡುವಳು. ಸತ್ತವರಿಗೆಂದು ನಲವತ್ತನೆಯ ದಿನ ಬೇಯಿಸುವ ಗೋಧಿಯನ್ನು ಮಗನ ಹೆಸರಲ್ಲಿ ಬೇಯಿಸಲು ಬಿಡಲಿಲ್ಲ. ಹೀಗೇ ಆರು ವರ್ಷ ಬದುಕಿದಳು.

ಆ ವರ್ಷಗಳಲ್ಲಿ ಪ್ರತಿ ಭಾನುವಾರ ಚರ್ಚಿಗೆ ಹೊರಟ ಸೊಸೆಗೆ ಮಗನ ಹೆಸರಿನ ಮೇಣದಬತ್ತಿ ಕೊಟ್ಟು, "ಮೇಲ್ಗಡೆ ಹಚ್ಚು, ಬದುಕಿರೋರ ಸಾಲಲ್ಲಿ" ಎನ್ನುವಳು. ಸತ್ತವರ ಸಾಲು ಕೆಳಗೆ. ಒಂದು ಭಾನುವಾರ ತಡೆಯಲಾರದೆ ವಿದೊಸಾವಾ ಅವಳ ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳಿಬಿಟ್ಟಳು. "ಅಮ್ಮಾ, ಆವತ್ತು ನದಿ ಇಳಿದಿರ್ಲಿಲ್ಲ. ನಾನು ಸುಳ್ಳು ಓದ್ದೆ."

ಪೆರ್ಸಿದಾ ಅವಳ ತಲೆ ಸವರಿದಳು. "ದುಃಖ ನಿನ್ ಬಾಯಲ್ಲಿ ಏನೇನೋ ಆಡಿಸ್ತಿದೆ ಮಗಳೇ. ಮನೇಲಿ ನೀನು ಏನ್ ಬೇಕಾದ್ರೂ ಹೇಳು. ರೇಡಿಯೋದಲ್ಲಿ ನೀನು ಸುಳ್ಳು ಹೇಳೋಳಲ್ಲ."

ವಿದೊಸಾವಾ ಹೋಗಿ ಮೇಣದಬತ್ತಿಯನ್ನು ಮೇಲಿನ ಸಾಲಿನಲ್ಲೇ ಹಚ್ಚಿದಳು.