ಸಿಂಕಿನ ಮೇಲಿನ ರೇಡಿಯೊ

ಬೆಳಕು ಹರಿಯುವ ಮುಂಚೆ ಅವಳು ಮುಗಿಸುವ ಕೆಲಸಗಳು ಇವು: ನಲ್ಲಿಯಲ್ಲಿ ನೀರು ಬರುವ ಮುಕ್ಕಾಲು ಗಂಟೆಯಲ್ಲಿ ಒಂದು ಡ್ರಮ್ಮು, ಎರಡು ಬಕೆಟ್ಟು ತುಂಬುವುದು, ಹಾಲು ಕಾಯಿಸುವುದು, ಅತ್ತೆಗೆ ಬಿಸಿನೀರು, ಮಗಳ ಡಬ್ಬಿ, ಹಿಂದಿನ ರಾತ್ರಿಯ ಪಾತ್ರೆಗಳನ್ನು ಸದ್ದಾಗದಂತೆ ಜೋಡಿಸುವುದು. ಎಲ್ಲವೂ ಕತ್ತಲಲ್ಲೇ. ಅಡುಗೆಮನೆಗೆ ಬಾಗಿಲಿಲ್ಲ, ದೀಪ ಹಾಕಿದರೆ ಬೆಳಕು ನೇರ ಹೋಗಿ ಗಂಡನ ಮುಖಕ್ಕೆ ಬೀಳುತ್ತದೆ. “ಬೆಳಿಗ್ಗೆ ಬೆಳಿಗ್ಗೆ ಕಣ್ಣಿಗೆ ಟಾರ್ಚ್ ಬಿಡ್ತೀಯಲ್ಲೇ” ಎಂದು ಮದುವೆಯಾದ ವರ್ಷವೇ ಅವನು ಗೊಣಗಿದ್ದ. ಅಂದಿನಿಂದ ಹದಿನಾರು ವರ್ಷ, ಬಕೆಟ್ಟು ತುಂಬಿದ್ದು ನೀರಿನ ದನಿ ಏರುವುದರಿಂದ ಗೊತ್ತಾಗುತ್ತದೆ. ಹಾಲು ಉಕ್ಕಲಿರುವುದು ಅದರ ಗುಂಯ್ ಎನ್ನುವ ಸದ್ದು ನಿಲ್ಲುವುದರಿಂದ. ಇದನ್ನು ಮನೆಯಲ್ಲಿ ಯಾರೂ ವಿದ್ಯೆ ಎಂದು ಕರೆದಿಲ್ಲ.

ಕರೆಯಬೇಕಾದವರು ಅವಳು ಕೆಲಸ ಮಾಡುವ ಸ್ಟುಡಿಯೊದವರು. ಅವರೂ ಕರೆಯುವುದಿಲ್ಲ.

ಸ್ಟುಡಿಯೊ ಎಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಜನ ಬಂದು ಹೇಳುವ ಕಥೆಗಳು ಅಲ್ಲಿ ರೆಕಾರ್ಡ್ ಆಗುತ್ತವೆ. ಮಾತೆಷ್ಟು, ಸಂಗೀತವೆಷ್ಟು ಎಂದು ಹದವಾಗಿ ಬೆರೆಸುವ ಮಿಕ್ಸಿಂಗ್ ಅವಳ ಕೆಲಸ. ಕಾಫಿ ಕಪ್ಪು ತೊಳೆಯುವುದೂ ಅವಳ ಕೆಲಸವೇ. ಹಾಗೆಂದು ಯಾರೂ ಹೇಳಿದ್ದಿಲ್ಲ. ಇಬ್ಬರೇ ಇರುವ ಕಚೇರಿಯಲ್ಲಿ ಇನ್ನೊಬ್ಬರು ಯಜಮಾನರು, ಅಷ್ಟೇ.

ಯಜಮಾನರು ಹೋದ ತಿಂಗಳು ಗೋಡೆಯಗಲದ ಪರದೆಯೊಂದನ್ನು ತಂದು ನಿಲ್ಲಿಸಿದರು. ಸದ್ದಿನ ಏರಿಳಿತಕ್ಕೆ ತಕ್ಕಂತೆ ಅದರಲ್ಲಿ ಬಣ್ಣದ ಪಟ್ಟಿಗಳು ಕುಣಿಯುತ್ತವೆ. ಹಸಿರಿದ್ದರೆ ಸರಿ, ಇಲ್ಲದಿದ್ದರೆ ತಪ್ಪು. ಅವತ್ತಿನಿಂದ ಅವರು ಕಿವಿಗೊಟ್ಟು ಕೇಳುವುದನ್ನೇ ಬಿಟ್ಟಿದ್ದಾರೆ.

ಈಗ ನಡೆಯುತ್ತಿರುವುದು ನರ್ಸಮ್ಮನ ಆತ್ಮಕಥೆ, ಹನ್ನೆರಡು ಕಂತು. ಆಕೆ ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದವರು. ಮಲಗಿದ ರೋಗಿಗಳ ನಡುವೆ ಮಾತಾಡಿ ರೂಢಿಯಾದ ದನಿ. ಗಟ್ಟಿಯಾಗಿ ಶುರುವಾಗಿ ಪಿಸುಮಾತಿಗೆ ಇಳಿಯುತ್ತದೆ, ನಡುವೆ ಸುಮ್ಮನೂ ಆಗುತ್ತದೆ. ಸುಮ್ಮನಾದ ಕಡೆಗಳಲ್ಲೆಲ್ಲ ಯಜಮಾನರು ತಾವೇ ಕೀಬೋರ್ಡ್ ನುಡಿಸಿ ತುಂಬಿದ್ದಾರೆ.

ರೆಕಾರ್ಡಿಂಗ್ ಮುಗಿಸಿ ಹೊರಡುವಾಗ ನರ್ಸಮ್ಮ ಅವಳ ಕೈ ಹಿಡಿದು ಹೇಳಿದ್ದರು: “ನನ್ನ ಜೊತೆ ಕೆಲ್ಸ ಮಾಡಿದೋರೆಲ್ಲ ಪಾತ್ರೆ ತೊಳೀತಾ ಕೇಳೋರಮ್ಮ. ಅವ್ರಿಗೆ ಕೇಳ್ಸಿದ್ರೆ ಸಾಕು.”

ಹಾಗಾಗಿ ಅವಳು ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ರೇಡಿಯೊಗೆ ಕಂಪ್ಯೂಟರಿನಿಂದ ತಂತಿ ಜೋಡಿಸಿ ಸಿಂಕಿನ ಮೇಲಿಟ್ಟಳು. ನಲ್ಲಿ ಬಿಟ್ಟು ಕಪ್ಪು ತೊಳೆಯುತ್ತ ನಾಲ್ಕನೇ ಕಂತು ಕೇಳಿದಳು. “ನಾಲ್ಕು ಸಲ ಬಾಗಿಲು ಬಡಿದೆ...” ಆಮೇಲೆ ಬರೀ ಕೀಬೋರ್ಡು.

“ಸಾರ್, ಆಮೇಲೆ ಏನಾಯ್ತು ಅಂತ ಕೇಳಿಸ್ತಾನೇ ಇಲ್ಲ.”

“ಕಪ್ ತೊಳೀತಾ ಕೂತ್ರೆ ಹೇಗೆ ಕೇಳಿಸುತ್ತೆ ಮೇಡಂ? ಬಂದು ಪರದೆ ನೋಡಿ. ಎಲ್ಲಾ ಹಸಿರು!”

“ಹಸಿರೇ ಸಾರ್. ಆದ್ರೆ ಅದು ನಿಮ್ಮ ಕೀಬೋರ್ಡಿನ ಹಸಿರು.”

“ಅದು ತೆಗೆದ್ರೆ ಪಟ್ಟಿ ಮಲಗ್ಬಿಡುತ್ತೆ. ಕೆಟ್ಟೋಗಿದೆ ಅನ್ಕೊಳಲ್ವಾ ಜನ?”

“ನರ್ಸಮ್ಮ ಉಸಿರು ತಗೊಳ್ತಿದಾರೆ ಸಾರ್. ಮನುಷ್ಯರಲ್ವಾ?”

ಯಜಮಾನರು ಚಪ್ಪಲಿ ಮೆಟ್ಟುತ್ತಲೇ ಹೇಳಿದರು: “ನಿಮ್ಮ ಕಿವಿ ಚುರುಕು, ಒಪ್ಪಿದೆ. ಆದ್ರೆ ಕಿವೀನ ಯಾರಿಗೆ ತೋರ್ಸೋದು? ಕಂತು ಕೊಳ್ಳೋ ಕಂಪನಿಯವರು ವಾಪಸ್ ಕಳ್ಸಿದ್ರೆ ಮಿಕ್ಕ ಎಂಟು ಕಂತೂ ಹೋಯ್ತು, ನಿಮ್ಮ ಕೆಲ್ಸಾನೂ ಹೋಯ್ತು. ಹನ್ನೆರಡರ ಒಳಗೆ ಹಸಿರಿರೋದನ್ನೇ ಕಳ್ಸಿ.” ಕಾಫಿ ಕುಡಿದ ಕಪ್ಪನ್ನು ಪರದೆಯ ಮುಂದೆ ಇಟ್ಟು ಹೊರಟರು.

ಅಷ್ಟರಲ್ಲಿ ಮನೆಯಿಂದ ಫೋನು. ಗಂಡನಿಗೆ ಇವತ್ತು ರಜೆ.

“ಏನೇ, ಅಮ್ಮನ ಹಾಲು ಉಕ್ಕಿಹೋಯ್ತು. ಒಲೆ ಎಲ್ಲಾ ಗಲೀಜು.”

“ನೀವು ಅಲ್ಲಿರ್ಲಿಲ್ವಾ?”

“ಎದುರಿಗೇ ನಿಂತಿದ್ದೆ! ಫೋನಲ್ಲಿ ಎಂಟು ನಿಮಿಷಕ್ಕೆ ಟೈಮರ್ ಇಟ್ಕೊಂಡಿದ್ದೆ. ಇನ್ನೂ ಎರಡು ನಿಮಿಷ ಬಾಕಿ ತೋರಿಸ್ತಾ ಇತ್ತು.”

“ಗುಂಯ್ ಅನ್ನೋದು ನಿಂತಿದ್ದು ಕೇಳಿಸ್ಲಿಲ್ವಾ?”

“ಹಾಲು ಮಾತಾಡುತ್ತೇನೇ? ಸರಿ, ನೀನು ಬಂದು ಒರೆಸ್ತೀಯಾ, ಅಲ್ಲೀವರೆಗೂ ಹಾಗೇ ಇರ್ಲಾ?”

“ಬಟ್ಟೆ ಸಿಂಕಿನ ಕೆಳಗಿದೆ. ಕೈ ನಿಮ್ಮ ಹತ್ರಾನೇ ಇದೆ” ಎಂದು ಫೋನಿಟ್ಟಳು.

ಗಂಟೆ ಹನ್ನೊಂದೂವರೆ. ಯಜಮಾನರು ಹೇಳಿದ ಹಸಿರಿನ ಕಂತು ಕಳಿಸಲು ಸಿದ್ಧವಾಗಿಯೇ ಇತ್ತು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಕೆಲಸ ಉಳಿಯುತ್ತದೆ, ಮಗಳ ಶಾಲೆಯ ಫೀಸು ನಡೆಯುತ್ತದೆ. ಅವಳು ಪರದೆಯ ಸ್ವಿಚ್ ಆರಿಸಿದಳು. ಕೀಬೋರ್ಡನ್ನು ಇಳಿಸಿದಳು, ಕೆಲವು ಕಡೆ ಕಿತ್ತೇ ಹಾಕಿದಳು. ಪಿಸುಮಾತುಗಳನ್ನು ಒಂದೊಂದಾಗಿ ಮೇಲೆತ್ತಿದಳು. ಮತ್ತೆ ಸಿಂಕಿನ ಬಳಿ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

“ನಾಲ್ಕು ಸಲ ಬಾಗಿಲು ಬಡಿದೆ. ಡಾಕ್ಟರು ಏಳಲಿಲ್ಲ. ಹೆರಿಗೆ ನಾನೇ ಮಾಡಿಸಿದೆ.”

ಆಮೇಲೆ ನಾಲ್ಕು ಕ್ಷಣ ಏನೂ ಇಲ್ಲ. ಬರೀ ಒಬ್ಬ ಹೆಂಗಸಿನ ಉಸಿರು. ನೀರಿನ ಸದ್ದಿನ ನಡುವೆಯೂ ಅದು ಕೇಳಿಸಿತು.

ಪರದೆ ಹಾಕಿ ನೋಡಿದಳು. ಆ ಜಾಗದಲ್ಲಿ ಪಟ್ಟಿ ನೆಲಕ್ಕೆ ಮಲಗಿತ್ತು. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಅದನ್ನೇ ಕಳಿಸಿದಳು. ಯಜಮಾನರಿಗೆ ಮೆಸೇಜು ಹಾಕಿದಳು: “ಕಳಿಸಿದ್ದೇನೆ. ಹಸಿರಲ್ಲದ್ದನ್ನು.”

ಪರದೆಯ ಮುಂದೆ ಅವರ ಕಾಫಿ ಕಪ್ಪು ಹಾಗೇ ಇತ್ತು. ಕೇಳಬೇಕಾದದ್ದು ಕೇಳಿ ಆಗಿತ್ತು. ಕಪ್ಪನ್ನು ಮುಟ್ಟದೆ ಅವಳು ನಲ್ಲಿ ನಿಲ್ಲಿಸಿದಳು.