ಸೋಮವಾರದ ಕೆಂಪು ದೀಪ

ನನ್ನ ಎಡಗಾಲಿನ ಮಂಡಿ ಪೂರ್ತಿ ಮಡಚುವುದಿಲ್ಲ. ಬಸ್ಸಿನ ಮೆಟ್ಟಿಲಿನಿಂದ ಬಿದ್ದ ಮೇಲೆ ಆಪರೇಶನ್ ಆಯಿತು, ಆರು ತಿಂಗಳು ವ್ಯಾಯಾಮವೂ ಆಯಿತು, ಕೊನೆಗೆ ಡಾಕ್ಟರು ಇನ್ನು ಇಷ್ಟೇ ಎಂದುಬಿಟ್ಟರು. ನಮ್ಮ ಮನೆ ಚಿತ್ತಾಕುಲದಲ್ಲಿ, ನೌಕರಿ ಅಂಕೋಲೆಯ ಕಾಲೇಜೊಂದರ ಲೈಬ್ರರಿಯಲ್ಲಿ. ಬೆಳಿಗ್ಗೆ ಕಾರವಾರಕ್ಕೆ ಒಂದು ಬಸ್ಸು, ಅಲ್ಲಿಂದ ಅಂಕೋಲೆಗೆ ಇನ್ನೊಂದು, ಸಂಜೆ ಮತ್ತೆ ಅಷ್ಟೇ. ದಿನಕ್ಕೆ ನಾಲ್ಕು ಸಲ ಹತ್ತಬೇಕು, ನಾಲ್ಕು ಸಲ ಇಳಿಯಬೇಕು. ಕಂಡಕ್ಟರುಗಳು ಒಳ್ಳೆಯವರೇ. ಆದರೆ "ನಿಲ್ಸ್ರಿ, ಅಕ್ಕೋರು ಹತ್ಲಿ" ಎಂದು ಅವರು ಕೂಗಿದ ಕೂಡಲೇ ಬಸ್ಸಿನಲ್ಲಿದ್ದವರೆಲ್ಲ ನನ್ನ ಕಾಲನ್ನು ನೋಡುತ್ತಿದ್ದರಲ್ಲ, ಅದು ನನಗೆ ಮಂಡಿನೋವಿಗಿಂತ ಹೆಚ್ಚು ಉರಿಯುತ್ತಿತ್ತು. ಮನೆಯಲ್ಲಿ ಗಂಡನದೂ ಅತ್ತೆಯದೂ ಒಂದೇ ರಾಗ: ನೌಕರಿ ಬಿಡು. ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷವಿತ್ತು, ನನಗೆ ಬಿಡುವ ಮನಸ್ಸಿರಲಿಲ್ಲ.

ಕಾರು ಎಂದರೆ ಕ್ಲಚ್ಚು, ಕ್ಲಚ್ಚು ಎಂದರೆ ಎಡಗಾಲು. ಆದ್ದರಿಂದ ಆ ಯೋಚನೆಯನ್ನೇ ನಾನು ಮಾಡಿರಲಿಲ್ಲ. ಒಂದು ದಿನ ಸಹೋದ್ಯೋಗಿಯೊಬ್ಬರ ಎಲೆಕ್ಟ್ರಿಕ್ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದಾಗ, ಅವರ ಎಡಗಾಲು ಯಾವ ಕೆಲಸವೂ ಇಲ್ಲದೆ ಸುಮ್ಮನೆ ಇಟ್ಟಲ್ಲೇ ಇರುವುದು ಕಣ್ಣಿಗೆ ಬಿತ್ತು. ಅಂಕೋಲೆಯಿಂದ ಶಿರವಾಡ ಬರುವವರೆಗೂ ನಾನು ಅದನ್ನೇ ನೋಡಿದೆ. ಅವರಿಗೆ ಮುಜುಗರವಾಗಿರಬೇಕು. ಮೂರು ತಿಂಗಳಲ್ಲಿ ಕಲಿತೆ, ಗೇರಿಲ್ಲದ ಗಾಡಿಗೆ ಲೈಸನ್ಸೂ ಆಯಿತು.

ಹೊಸ ಕಾರು ನಮ್ಮ ಕೈಗೆ ನಿಲುಕುವಂಥದ್ದಲ್ಲ. ಹುಬ್ಬಳ್ಳಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ನಾಲ್ಕು ವರ್ಷ ಓಡಿಸಿದ ಬಿಳಿ ಕಾರು ಮಾರುವವರಿದ್ದರು. ನನ್ನ ಗಂಡ ಅದರ ಸುತ್ತ ಮೂರು ಸುತ್ತು ಹಾಕಿ ಗೀರುಗಳನ್ನು ಎಣಿಸಿದರು. ನಾನು ಗೀರಿನ ಕಡೆ ನೋಡಲೇ ಇಲ್ಲ. ಹಳೆಯ ಎಲೆಕ್ಟ್ರಿಕ್ ಕಾರಿನಲ್ಲಿ ನೋಡಬೇಕಾದ್ದು ಬ್ಯಾಟರಿಯನ್ನು. ಮಾಸ್ತರರಿಂದ ಪೂರ್ತಿ ಚಾರ್ಜು ಮಾಡಿಸಿ, ಧಾರವಾಡದ ರಸ್ತೆಯಲ್ಲಿ ಹೋಗಿ ಬಂದು ಹೋಗಿ ಬಂದು, ಎಷ್ಟು ಕಿಲೋಮೀಟರಿಗೆ ಎಷ್ಟು ಇಳಿಯಿತೆಂದು ಬರೆದುಕೊಂಡೆ. ತುಂಬಿದರೆ ನೂರಮೂವತ್ತು ಕಿಲೋಮೀಟರು ಖಂಡಿತ. ನನಗೆ ಬೇಕಾದ್ದು ದಿನಕ್ಕೆ ಎಂಬತ್ತು. ಮಾಸ್ತರರು ಸಜ್ಜನರು, ಸಮುದ್ರದ ಊರಿನಲ್ಲಿ ಒಗ್ಗದಿದ್ದರೆ ಒಂದು ತಿಂಗಳೊಳಗೆ ತಂದುಬಿಡಿ, ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಆ ಮಾತನ್ನು ಗಂಡ ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡರು.

ಯಲ್ಲಾಪುರದಲ್ಲಿ ಚಾರ್ಜು ತುಂಬಿಸಿಕೊಂಡು ಅರಬೈಲ್ ಘಟ್ಟ ಇಳಿಯುವಾಗ ಒಂದು ಚೋದ್ಯ ನಡೆಯಿತು. ಇಳಿಜಾರಿನಲ್ಲಿ ಚಾರ್ಜು ಖರ್ಚಾಗುವುದು ಬಿಟ್ಟು ಏರತೊಡಗಿತು. ಮೇಲೆ ಶೇಕಡಾ ಎಪ್ಪತ್ತೆಂಟು ಇದ್ದದ್ದು ಕೆಳಗೆ ಬಂದಾಗ ಎಂಬತ್ತೊಂದು. ಗಂಡ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. "ಇದ್ರ ಮೀಟರೇ ಹಾಳಾಗ್ಯದೆ" ಎಂದರು. ನಾನು ನಕ್ಕೆ. ಹಾಗೆ ಮನಸಾರೆ ನಕ್ಕು ಬಹಳ ದಿನವಾಗಿತ್ತು.

ಇನ್ನು ನನ್ನ ತಪ್ಪಿನ ಕಥೆ. ಮನೆಯಲ್ಲಿ ಚಾರ್ಜು ಮಾಡಲು ಬೇರೆ ಲೈನು, ಅದಕ್ಕೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಬೇರೆ ಅರ್ಥಿಂಗ್ ಬೇಕು. ಇಲೆಕ್ಟ್ರಿಶಿಯನ್ ಹಿತ್ತಲಿನಲ್ಲಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಅದರ ಸುತ್ತ ಹಾಕಲು ಉಪ್ಪು, ಇದ್ದಿಲು ತರಿಸಿ ಎಂದ. ನಾನು ದೊಡ್ಡ ಜಾಣೆಯಂತೆ, "ಕಡಲ ಬದಿಯ ಮರಳಿಗೆ ಮತ್ತೆಂಥ ಉಪ್ಪು? ಏಪ್ರಿಲಿನಲ್ಲಿ ನಮ್ಮ ಬಾವಿಯ ನೀರೇ ಉಪ್ಪಾಗುತ್ತದೆ. ಹಾಗೇ ಮುಚ್ಚು" ಎಂದೆ. ಅವನು ಎರಡು ಬಾರಿ ಹೇಳಿ ನೋಡಿ, ಮುಚ್ಚಿ ಹೋದ. ಮೂರು ದಿನ ಚಾರ್ಜರಿನ ಡಬ್ಬಿಯಲ್ಲಿ ಹಸಿರು ದೀಪ ಉರಿಯಿತು. ನಾಲ್ಕನೆಯ ದಿನ ಕೆಂಪು. ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಡಬ್ಬಿ ಕಾರಿಗೆ ಒಂದು ಹನಿ ಕರೆಂಟು ಬಿಡುವುದಿಲ್ಲ.

ಇಲೆಕ್ಟ್ರಿಶಿಯನ್ ಬಂದವನು ಗುಂಡಿ ಕೆದಕಿ, ಒಣಮರಳನ್ನು ಬೆರಳ ಸಂದಿಯಿಂದ ಸುರಿಸಿ ತೋರಿಸಿದ. "ಅಕ್ಕೋರೆ, ನೀವು ಹೇಳ್ದಂಗೆ ಉಪ್ಪೇನೋ ಅದೆ. ನೀರೇ ಇಲ್ಲ, ಒಣ ಮರಳಲ್ಲಿ ಕರೆಂಟು ಇಳೂದಿಲ್ಲ. ಮರಳು ಹಸಿ ಹಿಡ್ಕಣೂದಿಲ್ಲ, ಇದ್ಲು ಹಿಡ್ಕಣ್ತದೆ" ಎಂದ. ಉಪ್ಪು, ಇದ್ದಿಲು ಎರಡನ್ನೂ ತುಂಬಿಸಿದೆ. "ಇಷ್ಟಾದ್ರೂ ಮಳೆ ಬೀಳೂತನಕ ದಿನಾ ನೀರು ಹಾಕೂಕೇ ಬೇಕು" ಎಂದು ಹೇಳಿ ಹೋದ.

ಆಗಲೇ ಮಾರ್ಚ್ ತಿಂಗಳು, ಬಾವಿ ತಳ ಕಾಣುವ ಕಾಲ. ಅತ್ತೆಯನ್ನು ನಾನು ಆಯಿ ಎಂದು ಕರೆಯುವುದು. ಅವರು ಮಗನ ಹತ್ತಿರ ಕೊಂಕಣಿ, ಅಂಕೋಲೆ ಕಡೆಯವಳಾದ ನನ್ನ ಹತ್ತಿರ ಕನ್ನಡ ಮಾತಾಡುತ್ತಾರೆ. ಎಪ್ಪತ್ತೆಂಟು ವರ್ಷವಾದರೂ ಬಾವಿಯ ಯಜಮಾನಿಕೆ ಅವರದೇ. "ಕುಡೂಕೆ ನೀರಿಲ್ಲ, ಗಾಡಿಗೆ ನೀರೆಂತಕ್ಕೆ ಗೋ?" ಎಂದರು. ಒಂದು ಕೊಡಪಾನಕ್ಕೆ ಹೇಗೋ ಒಪ್ಪಿದರು. ಬೆಳಿಗ್ಗೆ ಹೊರಡುವ ಮುಂಚೆ ಅದನ್ನು ನಾನು ಗುಂಡಿಗೆ ಸುರಿಯುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಬಿಸಿಲಿಗೆ ಎಲ್ಲ ಆರಿ, ವಾರದಲ್ಲಿ ನಾಲ್ಕು ದಿನ ದೀಪ ಕೆಂಪಾಗಿಯೇ ಇರುತ್ತಿತ್ತು. ಆಗ ಕಾರವಾರದ ಹೋಟೆಲೊಂದರ ಅಂಗಳದಲ್ಲಿ ಸಾಲಿನಲ್ಲಿ ಕಾದು, ಚಾರ್ಜಿಗೆ ಹಾಕಿ, ಎರಡು ಗಂಟೆ ಕಳೆದು ಮನೆ ಸೇರಬೇಕು. ಹೀಗೆ ಹನ್ನೊಂದು ವರ್ಷ ಸಾಧ್ಯವೇ?

ಓಡಿಸುವುದರಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇರಲಿಲ್ಲ. ಕಾಳಿ ಸೇತುವೆಯ ಮೇಲೆ ಗಾಜು ಇಳಿಸಿದರೆ ಗಾಳಿಯ ಸದ್ದೊಂದೇ. ಅವರ್ಸೆಯಲ್ಲಿ ರಸ್ತೆಗೆ ಅಡ್ಡ ಮಲಗಿದ ನಾಯಿಗಳಿಗೆ ಈ ಗಾಡಿ ಬಂದದ್ದೇ ಕೇಳಿಸುವುದಿಲ್ಲ, ಅವುಗಳ ಸಲುವಾಗಿ ಹಾರ್ನ್ ಬಾರಿಸುವುದನ್ನು ರೂಢಿ ಮಾಡಿಕೊಂಡೆ. ಮಂಡಿ ಒಂದು ದಿನವೂ ತಕರಾರು ಮಾಡಲಿಲ್ಲ. ಆದರೆ ತಿಂಗಳ ಗಡುವು ಹತ್ತಿರ ಬರುತ್ತಿತ್ತು. ಗಂಡ ದಿನಾ ಸಂಜೆ ಡಬ್ಬಿಯ ಮುಂದೆ ನಿಂತು, "ಮಾಸ್ತರರಿಗೆ ಒಂದು ಫೋನ್ ಮಾಡುವಾ" ಎನ್ನುತ್ತಿದ್ದರು. ಕಾರು ವಾಪಸಾದರೆ ಮತ್ತೆ ಬಸ್ಸಿಲ್ಲ, ನೌಕರಿಯೇ ಇಲ್ಲ ಎಂಬುದು ಮೂವರಿಗೂ ಗೊತ್ತಿತ್ತು. "ಸಾಕು ಗೋ, ಮನೇಲಿ ಆರಾಮಿರು" ಎಂದು ಆಯಿಯೂ ಮಗನ ಮಾತಿಗೆ ಸೇರಿಸುತ್ತಿದ್ದರು.

ಗಡುವಿಗೆ ಎಂಟು ದಿನ ಇರುವಾಗ ದೀಪ ಹಸಿರಾಯಿತು. ಮಂಗಳವಾರ, ಬುಧವಾರ, ಗುರುವಾರ, ರವಿವಾರದ ತನಕವೂ ಹಸಿರೇ. ಇದ್ದಿಲು ಕೊನೆಗೂ ಕೆಲಸ ಮಾಡಿತು ಎಂದು ನಾನು ಬೀಗಿದೆ. ಇಲೆಕ್ಟ್ರಿಶಿಯನ್ನಿಗೆ ಫೋನ್ ಮಾಡಿ ಹೊಗಳಿಯೂ ಆಯಿತು. ಸೋಮವಾರ ಸಂಜೆ ಪ್ಲಗ್ ಚುಚ್ಚಿದರೆ ಮತ್ತೆ ಕೆಂಪು. ಗಂಡ ಮಾಸ್ತರರಿಗೆ ಫೋನ್ ಮಾಡಲು ಮೊಬೈಲು ತೆಗೆದರು.

ನಾನು ಹಿತ್ತಲಿಗೆ ಹೋದೆ. ಗುಂಡಿಯ ಬಾಯಲ್ಲಿ ಇದ್ದಿಲಿಗೆ ಅಂಟಿಕೊಂಡು ಬಂಗಡೆಯ ಕಿವಿರಿನ ಚೂರುಗಳು ಒಣಗಿದ್ದವು, ತಾರ್ಲೆ ಮೀನಿನ ಹುರುಪೆಗಳು ಸಂಜೆ ಬಿಸಿಲಿಗೆ ಮಿರುಗುತ್ತಿದ್ದವು. ನಮ್ಮ ಬೆಕ್ಕು ಅಲ್ಲೇ ಮೂಸುತ್ತಿತ್ತು. ಮೀನು ತೊಳೆದ ನೀರು ನಮ್ಮ ಕಡೆ ತೆಂಗಿನ ಬುಡಕ್ಕೆ ಹೋಗುವಂಥದ್ದು. ಆಯಿ ಮಧ್ಯಾಹ್ನ ಮೂರು ಸಲ ಮೀನು ತೊಳೆಯುತ್ತಾರೆ, ಆಮೇಲೆ ಪಾತ್ರೆಯನ್ನೂ ತೊಳೆಯುತ್ತಾರೆ. ಇವತ್ತು ಸೋಮವಾರ. ಸೋಮವಾರ ನಮ್ಮ ಮನೆಗೆ ಮೀನು ಬರುವುದಿಲ್ಲ.

ಆಯಿ ಹಿಂದಿನ ಜಗಲಿಯಲ್ಲಿ ಕೂತು ಹರಿವೆ ಸೋಸುತ್ತಿದ್ದರು. "ನೀರು ನೀವೇ ಹಾಕ್ತಿದ್ರಾ ಆಯಿ?" ಎಂದು ಕೇಳಿದೆ.

"ಹಾಕ್ದೆ. ತೆಂಗಿನ ಮರಕ್ಕೆ ಎಷ್ಟು ವರ್ಷ ಹಾಕಾಗ್ಯದೆ. ಸೋಮವಾರದ್ದು ಮಾತ್ರ ತಲೆಗೆ ಹೊಳೀಲಿಲ್ಲ."

"ಮತ್ತೆ ದಿನಾ ನೌಕರಿ ಬಿಡು, ಆರಾಮಿರು ಅಂತಿದ್ರಲ್ಲ?"

ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಅದು ಅಂವ ಕೇಳ್ಲಿ ಅಂತ ಹೇಳೂದು. ಎದುರು ಹೇಳ್ರೆ ಮನೇಲಿ ಜಗಳ. ನೀ ಆ ಗಾಡೀಲಿ ಹೋಪಾಗ ಬೆಳಿಗ್ಗೆ ದಿನಾ ಇಲ್ಲಿಂದ ನೋಡ್ತೆ ನಾನು. ಆ ಕಾರವಾರ ಸಂತೆಗೆ ನಾ ಹೋಗಿಲ್ಲನ? ಮೊದ್ಲು ಹೊಳೆ ದಾಟೂಕೆ ಹೋಡಿ, ಆಮೇಲೆ ಬಸ್ಸು. ತಲೆ ಮೇಲೆ ಸೊಪ್ಪಿನ ಬುಟ್ಟಿ. ನಂಗೂ ಮಂಡಿ ಹಿಡೀತು. ಸಾಕು, ಕೂತ್ಕ ಅಂದ್ರು. ಕೂತೆ. ಹದಿನೆಂಟು ವರ್ಷ ಆಯ್ತು ಕೂತು. ಹೋಪೂಕೆ ಮನಸ್ಸದ್ಯಾ ಅಂತ ಒಬ್ರೂ ಕೇಳ್ಲಿಲ್ಲ."

ನಾನು ಒಳಗೆ ಹೋಗಿ ಗಂಡನ ಕೈಯಿಂದ ಮೊಬೈಲು ತೆಗೆದುಕೊಂಡೆ. ಫೋನ್ ಹುಬ್ಬಳ್ಳಿಗೆ ಹೋಗಲಿಲ್ಲ. ಇದಾಗಿ ಈಗ ಎರಡು ವರ್ಷ. ಕಾರು ನನ್ನಲ್ಲೇ ಇದೆ, ತುಂಬಿದರೆ ನೂರಿಪ್ಪತ್ತು ಓಡುತ್ತದೆ, ಬೇಸಿಗೆಯ ಸೋಮವಾರಗಳಲ್ಲಿ ಅಕ್ಕಿ, ಬೇಳೆ ತೊಳೆದ ನೀರು ಗುಂಡಿಗೆ ಹೋಗುತ್ತದೆ. ಆದರೆ ಆಯಿ ಸಂತೆ ಬಿಟ್ಟು ಕೂತಾಗ ನಾನು ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷ ಕಳೆದಿತ್ತು. ಆ ದಿನ ಅಂಗಳದಲ್ಲಿ ಅವರ ತಲೆಯ ಮೇಲಿನ ಬುಟ್ಟಿಯನ್ನು ಕೆಳಗಿಳಿಸಿ, "ಸಾಕು ಆಯಿ, ಇನ್ನು ಕೂತ್ಕಣಿ" ಎಂದವಳು ನಾನೇ.