ಶಿಂಷೆಯ ಪೊದೆಯಲ್ಲಿ ಮೇಷ್ಟ್ರ ಗಾಳ

ಯುದ್ಧದ ವರ್ಷಗಳಲ್ಲಿ ನಾನು ಮದ್ದೂರಿನಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದೆ. ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದುಗಡೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು, ಅದರಲ್ಲಿ ಇದ್ದಿಲು ಉರಿದು ಬರುವ ಹೊಗೆಯೇ ಇಂಜಿನ್ನಿಗೆ ಆಹಾರ. ಮಳವಳ್ಳಿಗೆ ಹೋಗಿ ಬರುವಷ್ಟರಲ್ಲಿ ಕೊಳವೆಗಳಲ್ಲೆಲ್ಲ ಮಸಿ ಕಟ್ಟಿಕೊಂಡಿರುತ್ತಿತ್ತು. ಅದನ್ನು ಬಿಚ್ಚಿ, ಕೆರೆದು, ಮತ್ತೆ ಜೋಡಿಸುವುದು ನನ್ನ ಕೆಲಸ. ಇವತ್ತು ಕೆರೆದದ್ದನ್ನೇ ನಾಳೆ ಕೆರೆಯಬೇಕು. ಉಗುಳಿದರೆ ಕಪ್ಪು, ಮೂಗು ಒರೆಸಿದರೆ ಕಪ್ಪು. ಮೂವತ್ತೆರಡು ವಯಸ್ಸಿಗೇ ನನ್ನ ಸೊಂಟ ಮುದುಕರ ಸೊಂಟವಾಗಿತ್ತು. ಆ ಕಾಲದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಯುದ್ಧ ನೆನಪಾಗುವುದಿಲ್ಲ, ಆಯಾಸ ನೆನಪಾಗುತ್ತದೆ.

ಒಂದು ಮಧ್ಯಾಹ್ನ ನನಗೆ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು ಷೆಡ್ಡಿಗೆ ಬಂದರು. ಕೆಲಸದಿಂದ ನಿವೃತ್ತರಾಗಿ ಕೆಲವು ವರ್ಷ ಆಗಿತ್ತು. ಮಡಿವಂತ ಮನೆತನ, ಹಣೆಯಲ್ಲಿ ವಿಭೂತಿ, ಬೆಳ್ಳಗೆ ಒಗೆದ ಪಂಚೆ. ಕಂಕುಳಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಉದ್ದನೆಯ ಏನೋ ಇತ್ತು. ಅಕ್ಕಪಕ್ಕ ನೋಡಿ, ಬಸ್ಸಿನ ಮರೆಗೆ ಬಂದು ಬಿಚ್ಚಿದರು. ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ತೆಳ್ಳನೆಯ ಕೋಲು. ಮೂರು ತುಂಡು. ಎರಡು ತುಂಡು ಸೇರುವ ಕಡೆ ಇದ್ದ ಹಿತ್ತಾಳೆಯ ಕೊಳವೆ ಸೀಳಿತ್ತು.

"ಇದನ್ನ ಸರಿಮಾಡಕ್ಕಾಗತ್ತೇನಯ್ಯ?" ಎಂದರು.

"ಆಗತ್ತೆ ಮೇಷ್ಟ್ರೇ. ಏನಿದು?"

"ಮೀನು ಹಿಡಿಯೋದು," ಎಂದರು, ಬಹಳ ಮೆಲ್ಲಗೆ.

ನಾನು ನಗಲಿಲ್ಲ. ಅದಕ್ಕೇ ಇರಬೇಕು, ಉಳಿದದ್ದನ್ನೂ ಹೇಳಿದರು. ಪ್ರಾಯದಲ್ಲಿ ಅವರು ಶಿವನಸಮುದ್ರದ ಕಡೆ ಒಬ್ಬ ಇಂಗ್ಲಿಷ್ ಇಂಜಿನಿಯರಿಗೆ ಕನ್ನಡ ಕಲಿಸಲು ಹೋಗುತ್ತಿದ್ದರಂತೆ. ಆ ದೊರೆಗೆ ಪುಸ್ತಕದ ಮುಂದೆ ಕೂರಲು ಆಗದು. ಪಾಠವೆಲ್ಲ ಹೊಳೆಯಲ್ಲೇ. ಅವನ ದೇಶದ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆ, ಅದಕ್ಕೆ ಎರೆಹುಳು ಹಾಕುವುದು ಅವಮಾನ. ಕೊಕ್ಕೆಗೆ ಕೋಳಿಯ ಗರಿ ಕಟ್ಟಿ, ನೀರಿನ ಮೇಲೆ ನೊಣ ಕೂತ ಹಾಗೆ ಕೂರಿಸಬೇಕು. ಇಲ್ಲಿ ಟ್ರೌಟ್ ಇಲ್ಲ, ಬಿಳಿಮೀನು ಇದೆ, ಕೆಂಡೆ ಇದೆ. ದೊರೆ ಅವುಗಳಿಂದಲೇ ಚಟ ತೀರಿಸಿಕೊಳ್ಳುತ್ತಿದ್ದ. ಅವನು ಕನ್ನಡ ಕಲಿಯಲಿಲ್ಲ, ಮೇಷ್ಟ್ರು ಗಾಳ ಕಲಿತರು. ಊರಿಗೆ ಮರಳುವಾಗ ಕೋಲನ್ನು ಇವರಿಗೇ ಬಿಟ್ಟುಹೋದನಂತೆ.

"ನೀವು ತಿನ್ನಲ್ವಲ್ಲ ಮೇಷ್ಟ್ರೇ. ಹಿಡಿದು ಏನ್ಮಾಡ್ತೀರಿ?"

"ಬಿಟ್ಟುಬಿಡ್ತೀನಿ."

ಅಕ್ಕಿಗೆ ಕಾರ್ಡು ಹಿಡಿದು ನಿಲ್ಲುತ್ತಿದ್ದ ದಿನಗಳು ಅವು. ಮೀನು ಹಿಡಿದು ಬಿಡುವವರು ಇದ್ದಾರೆ ಎನ್ನುವುದು ನನಗೆ ಅರ್ಥವೇ ಆಗಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಬಾಣಂತಿ, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಸ್ಸಿನ ಹಳೇ ಎಣ್ಣೆ ಪೈಪನ್ನು ಕತ್ತರಿಸಿ ಕೊಳವೆ ಮಾಡಿ ಕೂರಿಸಿದೆ. ಕೊಡುವಾಗ ಕೇಳಿದೆ, "ಬಿಡೋ ಬದಲು ನನಗೆ ಕೊಡ್ತೀರಾ?"

ಅವರು ಕೋಲನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದರು. "ಸಣ್ಣವನ್ನ ಬಿಡೋಣ. ದೊಡ್ಡದು ನಿನಗೆ. ಆದ್ರೆ ನನ್ನ ಕಣ್ಣೆದುರಿಗೆ ಕೊಲ್ಲಬೇಡ," ಎಂದರು.

ಅಲ್ಲಿಂದ ನಮ್ಮ ಶುಕ್ರವಾರಗಳು ಶುರುವಾದವು. ಆವತ್ತು ನನಗೆ ಅರ್ಧ ದಿನ ರಜ. ಜುಮ್ಮಾ ನಮಾಜು ಮುಗಿಸಿ, ಒಂದಿಷ್ಟು ಉಂಡು, ವೈದ್ಯನಾಥಪುರದ ದಾರಿ ಹಿಡಿಯುತ್ತಿದ್ದೆ. ಮೇಷ್ಟ್ರು ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಡುತ್ತಿದ್ದರು. ಅದು ಸುಳ್ಳೂ ಅಲ್ಲ. ಮೊದಲು ವೈದ್ಯನಾಥೇಶ್ವರನಿಗೆ ಕೈಮುಗಿದು, ಆಮೇಲೆ ಹೊಳೆಗೆ ಇಳಿಯುತ್ತಿದ್ದರು. ಕೋಲು ನನ್ನ ಹೆಗಲ ಮೇಲೆ ಇರುತ್ತಿತ್ತು. ಸಾಬಿಯ ಹೆಗಲಲ್ಲಿ ಗಾಳದ ಕೋಲಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ದೇವಸ್ಥಾನದ ಮೆಟ್ಟಿಲುಗಳಿಂದ ಸ್ವಲ್ಪ ಮೇಲಕ್ಕೆ ಹೋದರೆ ಶಿಂಷೆ ಬೇರೆಯೇ ಹೊಳೆಯಾಗುತ್ತಿತ್ತು. ಎರಡೂ ದಡದ ಹೊಂಗೆ, ಮತ್ತಿ ಮರಗಳು ನೀರಿನ ಮೇಲೆ ಬಾಗಿ ಒಂದನ್ನೊಂದು ಮುಟ್ಟುತ್ತಿದ್ದವು. ಕೆಳಗೆ ಲಕ್ಕಿ ಪೊದೆ, ಮುಳ್ಳು, ಆಳೆತ್ತರದ ಜೊಂಡು. ದನ ಕೂಡ ಇಳಿಯದ ಜಾಗ. ಅಲ್ಲಿ ಕೋಲನ್ನು ತಲೆಯ ಮೇಲೆ ಬೀಸುವಂತಿಲ್ಲ, ದಾರ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಮೇಷ್ಟ್ರು ಪಂಚೆ ಕಚ್ಚೆ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತು, ಎಡಗೈಯಲ್ಲಿ ಕೊಕ್ಕೆಯನ್ನು ಹಿಂದಕ್ಕೆಳೆದು ಕೋಲನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಬಿಡುತ್ತಿದ್ದರು. ಗರಿಯ ನೊಣ ಕೊಂಬೆಗಳ ಕೆಳಗೆ ಹಾರಿ, ನೆರಳಿನಲ್ಲಿ, ಅವರು ಎಲ್ಲಿ ನೋಡುತ್ತಿದ್ದರೋ ಅಲ್ಲೇ ಕೂರುತ್ತಿತ್ತು. ಗರಿ ನಮ್ಮ ಮನೆಯ ಹುಂಜದ್ದು. ಕಟ್ಟುವುದು ಅವರೇ, ದಪ್ಪ ಕನ್ನಡಕ ಹಾಕಿಕೊಂಡು, ರೇಷ್ಮೆ ದಾರದಲ್ಲಿ. ನಮಗೆ ವ್ಯಾಕರಣ ತಿದ್ದಿದ ಬೆರಳುಗಳೇ ಅವು.

ಮೀನು ಸಿಗುತ್ತಿದ್ದದ್ದು ಕಡಿಮೆ. ಮೂರು ವಾರಕ್ಕೊಮ್ಮೆ ಚೀಲಕ್ಕೆ ಬರುವಂಥದ್ದು ಒಂದೋ ಎರಡೋ. ಅದನ್ನು ನಾನು ಪೊದೆಯ ಆಚೆಗೆ ಒಯ್ದು ಕೆಲಸ ಮುಗಿಸಿ ಬರುವವರೆಗೆ ಅವರು ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದು ಮೀನಿಗಲ್ಲ. ಅಲ್ಲಿ ಮರಳಿನ ಮೇಲೆ ಮಲಗಿದರೆ ನನ್ನನ್ನು ಯಾರೂ ಕೂಗುತ್ತಿರಲಿಲ್ಲ. "ಮಲಗಯ್ಯ, ಸಿಕ್ಕಿದ್ರೆ ಎಬ್ಬಿಸ್ತೀನಿ," ಎನ್ನುತ್ತಿದ್ದರು ಮೇಷ್ಟ್ರು.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಆ ಶುಕ್ರವಾರ ಬಂತು. ಹಿಂದಿನ ಎರಡು ದಿನ ನಾನು ಕಿರುಗಾವಲಿನ ರಸ್ತೆಯಲ್ಲಿ ಆಕ್ಸಲ್ ಮುರಿದು ನಿಂತ ಬಸ್ಸಿನ ಕೆಳಗೇ ಇದ್ದೆ. ಹೊಳೆಗೆ ಬಂದು ಚೀಲ ತಲೆಗಿಟ್ಟು ಮಲಗಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಬಿಸಿಲು ಆಚೆ ದಡಕ್ಕೆ ಹೋಗಿತ್ತು. ಯಾರೋ ಕರೆಯುತ್ತಿದ್ದಂತೆ ಕೇಳಿಸಿತು, ಪಕ್ಕದಲ್ಲಿ ಕೂತು ಮಾತಾಡುವಷ್ಟು ಸಣ್ಣ ದನಿ. "ಏಳಯ್ಯ. ಸ್ವಲ್ಪ ಏಳು."

ಎದ್ದು ನೋಡಿದರೆ ಮೇಷ್ಟ್ರು ಬಿದ್ದ ಮತ್ತಿ ಮರದ ಬಳಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಕೋಲನ್ನು ಎರಡೂ ಕೈಯಲ್ಲಿ ಮೇಲೆ ಹಿಡಿದಿದ್ದಾರೆ. ತುಟಿ ನೀಲಿಯಾಗಿದೆ. ದೊಡ್ಡ ಬಿಳಿಮೀನೊಂದು ಕಚ್ಚಿ, ದಾರ ಎಳೆದುಕೊಂಡು ಮರದ ಬೇರಿನೊಳಗೆ ನುಗ್ಗಿತ್ತು. ಬಿಡಿಸಲು ಹೋದವರ ಕಾಲು ಬೇರುಗಳ ಸಂದಿಯಲ್ಲಿ ಜಾರಿ ಸಿಕ್ಕಿಕೊಂಡಿತ್ತು.

ನಾನು ನೀರಿಗೆ ಹಾರಿದೆ. "ಎಷ್ಟು ಹೊತ್ತಾಯ್ತು ಮೇಷ್ಟ್ರೇ? ಜೋರಾಗಿ ಕೂಗಬಾರದಾ?"

"ಮೆಟ್ಟಿಲ ಹತ್ರ ಜನ ಇದಾರೆ ಕಣಯ್ಯ. ಕೇಳಿಸತ್ತೆ."

ಅವರ ಪ್ರಾಣ ಹೋಗುವುದರಲ್ಲಿತ್ತು. ಅವರು ಮರ್ಯಾದೆಗೆ ಹೆದರಿ ಪಿಸುಗುಟ್ಟುತ್ತಿದ್ದರು. ನಾನು ಮುಳುಗಿ ಬೇರನ್ನು ಅಗಲಿಸಲು ನೋಡಿದೆ, ಆಗಲಿಲ್ಲ. ಮೂರನೇ ಸಲ ಮುಳುಗಿದಾಗ ಮೀನು ಕಂಡಿತು. ನನ್ನ ತೋಳಿನಷ್ಟು ದಪ್ಪ, ಕತ್ತಲಲ್ಲಿ ಸುಮ್ಮನೆ ನಿಂತಿತ್ತು, ಅದೂ ಸೋತಿತ್ತು. ಮೇಲೆ ಬಂದು ಹೇಳಿದೆ.

"ಇನ್ನೂ ಇದೆಯಾ?" ಎಂದು ಕೇಳಿದರು. ಆಮೇಲೆ, "ದಾರ ಕೊಯ್ದುಬಿಡು," ಎಂದರು.

ಕೊಯ್ದೆ. ಕೋಲಿನ ಬುಡವನ್ನೇ ಸನ್ನೆಗೋಲು ಮಾಡಿ ಬೇರೆತ್ತಿ ಕಾಲು ಬಿಡಿಸಿದೆ. ಕೋಲು ಮುರಿಯಿತು. ಹೊತ್ತುಕೊಂಡು ದಡಕ್ಕೆ ತಂದರೆ ಅವರಿಗೆ ಕಾಲೂರಲು ಆಗಲಿಲ್ಲ, ಸೊಂಟ ಹಿಡಿದುಕೊಂಡು ನರಳಿದರು. ರಸ್ತೆಗೆ ತರುವಷ್ಟರಲ್ಲಿ ಒಂದು ಕಬ್ಬಿನ ಗಾಡಿ ಸಿಕ್ಕಿತು.

ಗಾಡಿಯವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಏನ್ ಸಾಬ್ರೆ, ಮೇಷ್ಟ್ರು ಒಳೆಗ್ ಬಿದ್ಬುಟ್ರಾ?"

"ಹೂಂ. ಕಾಲು ಜಾರ್ತು."

"ಮೈಮ್ಯಾಲೆಲ್ಲಾ ಮೀನ್ ಪೊರೆ ಅದೆ," ಎಂದ. ನಿಜ, ಮೊದಲು ಹಿಡಿದು ಬಿಟ್ಟ ಸಣ್ಣ ಮೀನುಗಳ ಪೊರೆ ಅವರ ಅಂಗಿಗೆ ಅಂಟಿ ಹೊಳೆಯುತ್ತಿತ್ತು. "ಅತ್ತುಸ್ರಿ, ಕಬ್ಬ ಒಸಿ ಅತ್ಲಾಗ್ ತಳ್ತೀನಿ. ನಾನ್ ಯಾರ್ಗೂ ಯೋಳಾಕಿಲ್ಲ ಬುಡಿ."

ಮಾರನೆಯ ದಿನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಮೇಷ್ಟ್ರ ಮನೆ ಅಗ್ರಹಾರದ ಬೀದಿಯಲ್ಲಿ. ಆ ಸಂಜೆ ಗಾಡಿಯಿಂದ ಇಳಿಸಿ ಜಗಲಿಯವರೆಗೆ ಎತ್ತಿಕೊಂಡು ಹೋಗಿ ಅಲ್ಲೇ ನಿಂತೆ. ಅಷ್ಟು ವರ್ಷಗಳಲ್ಲಿ ನಾನು ಆ ಹೊಸಿಲು ದಾಟಿದವನಲ್ಲ. ಅಮ್ಮಾವ್ರು ಬಾಗಿಲಿಗೆ ಬಂದರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು.

"ಒಳಗೆ ಕರ್ಕೊಂಬಾ."

"ಅಮ್ಮಾ, ನಾನು..."

"ಅವರಿಗೆ ನಡೆಯಕ್ಕಾಗಲ್ಲ, ನನ್ನ ಕೈಲಿ ಎತ್ತಕ್ಕಾಗಲ್ಲ. ಬಾ."

ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದೆ. ನನ್ನ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಆ ಕೆಂಪು ನೆಲದಲ್ಲಿ ಹರಿಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದರು, "ದೇವಸ್ಥಾನದ ಮೆಟ್ಟಿಲಲ್ಲಿ ಪಾಚಿ..."

"ಸಾಕು," ಎಂದರು ಅಮ್ಮಾವ್ರು. "ಮದುವೆಯಾದಾಗಿಂದ ನಿಮ್ಮ ಪಂಚೆ ಒಗೀತಿರೋಳು ನಾನು. ಮೀನಿನ ವಾಸನೆ ಗೊತ್ತಾಗಲ್ವೇ ನಂಗೆ?" ಆಮೇಲೆ ನನ್ನ ಕಡೆ ತಿರುಗಿ, "ಗರಿ ತಂದುಕೊಡೋನು ನೀನೇನಾ? ಪುಸ್ತಕದ ಹಾಳೆ ಹಾಳೆಯಲ್ಲೂ ಗರಿ. ಗುಡಿಸಿ ಗುಡಿಸಿ ಸಾಕಾಗಿದೆ," ಎಂದರು.

ಮೇಷ್ಟ್ರು ಕಣ್ಣು ಬಿಡಲಿಲ್ಲ. ನನಗೂ ಅಲ್ಲಿ ನಿಲ್ಲಲಾಗಲಿಲ್ಲ.

ಜಾರಿದಾಗ ಮುರಿದ ಸೊಂಟದ ಮೂಳೆ ಕೂಡಿಕೊಂಡರೂ ನೆಟ್ಟಗೆ ಕೂಡಲಿಲ್ಲ. ಊರುಗೋಲು ಹಿಡಿದು ಹಿತ್ತಲಿಗೆ ಹೋಗಿ ಬರುವುದಷ್ಟೇ ಆಯಿತು. ಕೆಲವು ಮನೆಯವರು ಮಕ್ಕಳನ್ನು ಅವರಲ್ಲಿಗೆ ಮನೆಪಾಠಕ್ಕೆ ಕಳಿಸುವುದನ್ನು ನಿಲ್ಲಿಸಿದರು. ಹಿರಿಯರೊಬ್ಬರು ಬಂದು ಪ್ರಾಯಶ್ಚಿತ್ತ ಮಾಡಿಸಿ ಪಂಚಗವ್ಯ ಕುಡಿಸಿದರು. "ಕುಡಿದೆ ಕಣಯ್ಯ. ಆವತ್ತು ಕುಡಿದ ಹೊಳೆ ನೀರಿಗಿಂತ ಕೆಟ್ಟದಾಗೇನಿರಲಿಲ್ಲ," ಎಂದು ಮೇಷ್ಟ್ರು ನನಗೆ ಹೇಳಿದರು. ನಾನು ಆವತ್ತು ನಿದ್ದೆಹೋದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುರಿದ ಕೋಲು ಷೆಡ್ಡಿನ ಮೂಲೆಯಲ್ಲಿತ್ತು. ಸರಿಮಾಡಿದೆಯಾ ಎಂದು ಎರಡು ಸಲ ಕೇಳಿದರು. ಮಾಡುತ್ತೇನೆ ಎಂದೆ. ಮಸಿ ಕೆರೆದು ಮುಗಿಸಿದ ಮೇಲೆ ನನ್ನ ಕೈಯಲ್ಲಿ ಅಂಥ ಸೂಕ್ಷ್ಮದ ಕೆಲಸ ಆಗುತ್ತಿರಲಿಲ್ಲ. ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಯುದ್ಧ ನಿಂತು, ನಿಧಾನಕ್ಕೆ ಪೆಟ್ರೋಲು ಬಂದು, ಡ್ರಮ್ಮುಗಳನ್ನೆಲ್ಲ ಬಿಚ್ಚಿ ಎಸೆದ ಮೇಲೆ ನಾನು ಕೋಲನ್ನು ಕೈಗೆತ್ತಿಕೊಂಡೆ. ಅಂಟು ಹಾಕಿ, ದಾರ ಸುತ್ತಿ, ವಾರ್ನಿಷ್ ಹಚ್ಚಿ ಅವರ ಮನೆಗೆ ಒಯ್ದೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಲ್ಲಿ ಸವರಿ, "ಭಾರ ಆಗಿದೆ," ಎಂದರು. ನಂತರ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಗ್ಗಿಸಿ ಬಿಡುವುದನ್ನು ಕಲಿಸಿದರು. ಒಂದು ತಿಂಗಳು ಕಲಿಸಿದರು. ನಾನು ಬಿಟ್ಟ ನೊಣ ನುಗ್ಗೆಮರಕ್ಕೆ ಹೋಗುತ್ತಿತ್ತು, ಒಣಗಿಹಾಕಿದ ಸೀರೆಗೆ ಹೋಗುತ್ತಿತ್ತು. ಅಮ್ಮಾವ್ರು ಬಂದು ಸೀರೆ ತೆಗೆದುಕೊಂಡು ಹೋಗುತ್ತಿದ್ದರು.

ಆಮೇಲೆ ಹಲವು ಶುಕ್ರವಾರ ಒಬ್ಬನೇ ಹೊಳೆಗೆ ಹೋದೆ. ಮಲಗಲಿಲ್ಲ, ಮಲಗಿದರೂ ನಿದ್ದೆ ಬರುತ್ತಿರಲಿಲ್ಲ. ಕೊನೆಗೊಂದು ದಿನ ಗೇಣುದ್ದದ ಕೆಂಡೆ ಸಿಕ್ಕಿತು. ಓಡಿಬಂದು ಮೇಷ್ಟ್ರಿಗೆ ಹೇಳಿದೆ.

"ಎಲ್ಲಿ?" ಎಂದರು.

"ಹಳ್ಳ ಬಂದು ಸೇರತ್ತಲ್ಲ, ಅಲ್ಲಿ."

"ಅಲ್ಲಿ ಯಾರು ಬೇಕಾದ್ರೂ ಹಿಡೀತಾರೆ," ಎಂದು ಗೋಡೆಗೆ ಒರಗಿದರು. ಆದರೆ ಎಷ್ಟು ನೀರಿತ್ತು, ಯಾವ ಬಣ್ಣದ ಗರಿ, ಮೀನು ಮೇಲೆ ಬಂತೋ ಕೆಳಗೇ ಹಿಡಿಯಿತೋ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಹೇಳಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಸ್ವಾತಂತ್ರ್ಯ ಬಂದ ವರ್ಷ, ಮುಂಗಾರು ಶುರುವಾಗುವ ಮುಂಚೆ ಅವರು ಹೋದರು. ನಾನು ಆವತ್ತು ಮಳವಳ್ಳಿಯಲ್ಲಿ ಒಂದು ಬಸ್ಸಿನ ಕೆಳಗಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹದಿಮೂರು ದಿನ ಕಳೆದ ಮೇಲೆ ಹೋಗಿ ಜಗಲಿಯಲ್ಲಿ ಕೂತೆ. ಅಮ್ಮಾವ್ರು ಒಂದು ಲೋಟ ಮಜ್ಜಿಗೆ ತಂದಿಟ್ಟು, ಬಾಗಿಲಿಗೆ ಒರಗಿ ಕೂತರು. ನಾನು ಮಜ್ಜಿಗೆ ಕುಡಿದು ಮುಗಿಸಿದ ಮೇಲೆ, ಇನ್ನೊಂದು ಲೋಟ ತರಲೇ ಎಂದು ಕೇಳಿದರು. ತನ್ನಿ ಎಂದೆ.